ಚಿಲುಮಿ, ಮಗ್ಗ ಮತ್ತು ಮರೆವು

ನಮ್ಮ ಹುನಗುಂದ ಸೀಮೆಯಲ್ಲಿ ಗಾಂಜಾದ ಬಗ್ಗೆ ಹಳೆಯದೊಂದು ವಾದವಿದೆ: ಹೊಸಬನ ತಲೆ ಕೆಡುತ್ತದೆ, ಹಳಬನದು ಕೆಡುವುದಿಲ್ಲ. ‘ರೂಢಿ ಆದವಗ ಅದು ಬರೇ ಹೊಗಿ’ ಎನ್ನುತ್ತಿದ್ದರು ಹಿರಿಯರು. ಅವರ ಕೈಯಲ್ಲಿ ಸಾಕ್ಷಿಯೂ ಇತ್ತು. ಅಮಾಸಿ ರಾತ್ರಿ ಗದ್ದಿಗೆಯ ಮುಂದೆ ಏಕತಾರಿ ಹಿಡಿದು ಕೂತ ಮುದುಕರು ಚಿಲುಮಿ ಎಳೆಯುತ್ತ ಬೆಳಕು ಹರಿಯುವ ತನಕ ತತ್ವಪದ ಹಾಡುತ್ತಿದ್ದರು. ಒಂದು ನುಡಿ ಹಿಂದುಮುಂದಾಗುತ್ತಿರಲಿಲ್ಲ. ಬನಶಂಕರಿ ಜಾತ್ರೆಗೆ ಬಂದ ಸಾಧುಗಳೂ ಹಾಗೇ, ಕಣ್ಣು ಕೆಂಪಗೆ, ಬಾಯಲ್ಲಿ ಸಂಸ್ಕೃತ ಸ್ತೋತ್ರ ನಿರರ್ಗಳ. ಇವರಲ್ಲಿ ಮರೆವೆಲ್ಲಿದೆ ತೋರಿಸಿರಿ ಎಂದರೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ನನ್ನಲ್ಲಿ ಉತ್ತರವಿರಲಿಲ್ಲ.

ಈ ವಾದಕ್ಕೆ ಸರಕಾರಿ ಕಾಗದದ ಬೆಂಬಲವೂ ಉಂಟು. ಬಾಗಲಕೋಟೆ, ಬಾದಾಮಿ, ಹುನಗುಂದ ಬ್ರಿಟಿಷರ ಕಾಲದಲ್ಲಿ ಮುಂಬಯಿ ಇಲಾಖೆಯವು. 1885ರ ತನಕ ಜಿಲ್ಲೆಯ ಮುಖ್ಯ ಠಾಣೆ ಕಲಾದಗಿ, ಆಮೇಲೆ ಬಿಜಾಪುರ. 1878ರ ಮುಂಬಯಿ ಅಬಕಾರಿ ಕಾಯ್ದೆಯ ಕೆಳಗೆ ಗಾಂಜಾ ಲೈಸನ್ಸಿನ ಅಂಗಡಿಯಲ್ಲಿ ಸಿಗುತ್ತಿದ್ದ ಸರಕು. ಅದು ಜನರನ್ನು ಹುಚ್ಚರನ್ನಾಗಿ ಮಾಡುತ್ತಿದೆ ಎಂದು ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಎದ್ದದ್ದರಿಂದ 1893ರಲ್ಲಿ ಒಂದು ಆಯೋಗ ನೇಮಕವಾಯಿತು. ಅಧ್ಯಕ್ಷ ಮ್ಯಾಕ್‌ವರ್ತ್ ಯಂಗ್. 70 ಪ್ರಶ್ನೆಗಳ ಪಟ್ಟಿ, 1,193 ಸಾಕ್ಷಿಗಳು.

ಆ ವರದಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹುಚ್ಚಾಸ್ಪತ್ರೆಗಳ ದಫ್ತರ ತೆರೆದು ನೋಡಿದ ಭಾಗ. ಧಾರವಾಡಕ್ಕೆ 1845ರಲ್ಲೇ ಹುಚ್ಚಾಸ್ಪತ್ರೆ ಬಂದಿತ್ತು. ನಮ್ಮ ಕಡೆ ಇಂದಿಗೂ ಯಾರಾದರೂ ಅಡ್ಡಾದಿಡ್ಡಿ ಮಾತಾಡಿದರೆ ‘ಧಾರವಾಡಕ್ಕ ಕಳಸಬೇಕಿವನ್ನ’ ಅನ್ನುತ್ತಾರೆ. ಅಂಥ ಆಸ್ಪತ್ರೆಗಳಿಗೆ ರೋಗಿಯ ಜೊತೆ ಒಂದು ವಿವರಪಟ್ಟಿ ಬರುತ್ತಿತ್ತು. ‘ಕಾರಣ’ ಎಂಬ ಕಲಮನ್ನು ತುಂಬಿ ಕಳಿಸುತ್ತಿದ್ದವರು ಬಹುಮಟ್ಟಿಗೆ ಪೊಲೀಸರು. ಕಾರಣ ತಿಳಿಯದಿದ್ದರೂ ಕಲಮು ಖಾಲಿ ಬಿಡುವಂತಿಲ್ಲ, ಹಾಗಾಗಿ ಗಾಂಜಾ ಎಂದು ಬರೆದರೆ ಕೆಲಸ ಮುಗಿಯಿತು. 1892ರಲ್ಲಿ ಬ್ರಿಟಿಷ್ ಭಾರತದ ಆಸ್ಪತ್ರೆಗಳಲ್ಲಿ ಹೀಗೆ ಗಾಂಜಾ-ಭಂಗಿಯ ಲೆಕ್ಕಕ್ಕೆ ಬಿದ್ದವರು 222 ಮಂದಿ. ಆಯೋಗ ಒಬ್ಬೊಬ್ಬರದನ್ನೂ ಕೆದಕಿ ವಿಚಾರಿಸಿದಾಗ ಉಳಿದವರು 98, ಅವರಲ್ಲೂ 37 ಮಂದಿಗೆ ಬೇರೆ ಕಾರಣಗಳೂ ಇದ್ದವು. ಮಿತವಾಗಿ ಸೇದುವವನ ಬುದ್ಧಿಗೆ ಕೇಡಿಲ್ಲ, ಅತಿಯಾದರೆ ಉಂಟು ಎಂದು 1894ರಲ್ಲಿ ವರದಿ ಬರೆದು ಎದ್ದರು. ಪ್ರಾಮಾಣಿಕ ಕೆಲಸ. ಆದರೆ ಅವರು ಹುಡುಕಿದ್ದು ಹುಚ್ಚನ್ನು, ಮರೆವನ್ನಲ್ಲ. ಸಾಕ್ಷಿಗೆ ಹತ್ತು ಹೆಸರು ಹೇಳಿ ಅರ್ಧ ತಾಸು ಬಿಟ್ಟು ‘ಯಾವ್ಯಾವು, ಹೇಳು’ ಎಂದು ಕೇಳುವ ಪರೀಕ್ಷೆ ಆ ಕಾಲಕ್ಕೆ ರೂಢಿಯಲ್ಲೇ ಇರಲಿಲ್ಲ.

ನಮ್ಮ ದೇಶದಲ್ಲಿ ಅಂಥ ಪರೀಕ್ಷೆ ನಡೆಯಲು 1970ರ ದಶಕ ಬರಬೇಕಾಯಿತು. ಚಂಡೀಗಢದ ವೈದ್ಯರು ವರ್ಷಗಟ್ಟಲೆ ಭಂಗಿ ಕುಡಿದವರನ್ನೂ ಚರಸ್ ಸೇದಿದವರನ್ನೂ ಎರಡೂ ಮುಟ್ಟದವರ ಪಕ್ಕ ಕೂರಿಸಿ ನೋಡಿದರು. ನೆನಪಿನಲ್ಲಿ ಸೇದುವವರು ಹಿಂದೆ ಬಿದ್ದರು. 2008ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಗಾಂಜಾದ ಸತ್ವವಾದ ಟಿಎಚ್‌ಸಿಯನ್ನು ರೂಢಿಯವರಿಗೂ ರೂಢಿಯಿಲ್ಲದವರಿಗೂ ರಕ್ತನಾಳದ ಮೂಲಕ ಕೊಟ್ಟು ಪರೀಕ್ಷಿಸಿದ್ದನ್ನು ಪ್ರಕಟಿಸಿದರು. ರೂಢಿಯವರಲ್ಲಿ ಆ ಹೊತ್ತಿನ ಮರೆವು, ಗಾಬರಿ, ಭ್ರಮೆ ಕಡಿಮೆ. ಖುಷಿ ಮಾತ್ರ ಕಡಿಮೆಯಾಗಿರಲಿಲ್ಲ. ಅಲ್ಲಿಗೆ ನಮ್ಮ ಹಿರಿಯರ ಮಾತು ಅರ್ಧ ನಿಜ ಎಂದಾಯಿತು: ರೂಢಿಯಿಂದ ಮರೆವಿನ ಪೆಟ್ಟು ಮೆತ್ತಗಾಗುತ್ತದೆ. ಚಂಡೀಗಢದ ಲೆಕ್ಕ ಇನ್ನರ್ಧ: ದಿನಾ ಸೇದುವವನು ಚಿಲುಮಿ ಕೆಳಗಿಟ್ಟ ಹೊತ್ತಿನಲ್ಲೂ ಒಂದು ಮೆಟ್ಟಿಲು ಕೆಳಗೇ ನಿಂತಿರುತ್ತಾನೆ.

ತತ್ವಪದದ ಮುದುಕರ ಒಗಟೂ ಇಲ್ಲೇ ಬಿಡಿಸಿಕೊಳ್ಳುತ್ತದೆ. ಟಿಎಚ್‌ಸಿ ಅಡ್ಡ ಬರುವುದು ಹೊಸದನ್ನು ಒಳಗೆ ಇಟ್ಟುಕೊಳ್ಳುವ ಕೆಲಸಕ್ಕೆ. ಎಂದೋ ಗಟ್ಟಿಯಾದದ್ದನ್ನು ಹೊರಗೆ ತೆಗೆಯುವುದಕ್ಕೆ ಅಷ್ಟು ಅಡ್ಡಿಯಿಲ್ಲ. ಹುಡುಗರಿದ್ದಾಗ ಕಲಿತ ಪದ ನಾಲಿಗೆಯ ಮೇಲಿರುತ್ತದೆ. ನಿನ್ನೆ ಸಂಜೆ ಯಾರಿಂದ ಎಷ್ಟು ಕೈಗಡ ಇಸಿದುಕೊಂಡೆ ಎಂದು ಅವರನ್ನು ಯಾರೂ ಕೇಳಲಿಲ್ಲ. ಸಾಲ ಕೊಟ್ಟವರು ಕೇಳಿರಬಹುದು.

ಇದನ್ನು ನಾನು ಪುಸ್ತಕಕ್ಕಿಂತ ಮೊದಲು ಇಳಕಲ್ಲಿನ ನಮ್ಮ ಕಾಕಾನ ಮಗ್ಗದಲ್ಲಿ ನೋಡಿದ್ದೆ, ಅರ್ಥವಾದದ್ದು ತಡವಾಗಿ. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಆತನ ಕೈಗೆ ಸಮನಿಲ್ಲ. ಇಳಕಲ್ ಸೀರೆಯ ಜೀವವಿರುವುದು ಸೆರಗಿನಲ್ಲಿ: ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು, ಆಮೇಲೆ ಕೆಂಪು-ಬಿಳುಪಿನ ತೋಪ ತೆನಿ ಚಿತ್ತಾರ ಎಬ್ಬಿಸಬೇಕು. ಚಿಲುಮಿ ಎಳೆದು ಬಂದು ಕೂತರೂ ಕಾಕಾನ ತೆನಿ ಒಂದೆಳೆ ತಪ್ಪಿದ್ದಿಲ್ಲ. ‘ನೋಡ್ರಿ, ಗಾಂಜಾ ಏನ್ ಮಾಡ್ತತಿ?’ ಎಂದು ಓಣಿಯೇ ಹೇಳುತ್ತಿತ್ತು.

ಸಾವಕಾರ ಬಂದು ಹೇಳಿ ಹೋಗುವ ಮಾತಿನ ಕಥೆ ಬೇರೆ. ಈ ಸಲ ಗೋಮಿ ದಡಿಯೋ ಗಾಡಿ ದಡಿಯೋ, ಒಡಲಿಗೆ ಯಾವ ಬಣ್ಣ, ಎಷ್ಟು ಸೀರೆ, ಯಾವ ವಾರ. ಅದನ್ನೆಲ್ಲ ಹಿಡಿದಿಟ್ಟವಳು ಕಂಡಿಕಿ ಸುತ್ತುತ್ತ ಬಾಗಿಲ ಸಂದಿಯಲ್ಲಿ ಕೂತಿರುತ್ತಿದ್ದ ಕಾಕು. ಓದು ಬಾರದು. ಇದ್ದಿಲಿನಿಂದ ಗೋಡೆಯ ಮೇಲೆ ಗೀರು: ದಡಿಗೊಂದು ಗುರುತು, ಬಣ್ಣಕ್ಕೊಂದು ಗುರುತು. ಕಾಕಾ ಕೇಳುವ ಮೊದಲೇ ‘ಎರಡನೇದಕ್ಕ ಗಾಡಿ ದಡಿ ಅಂದಾರ ನೋಡ್ರಿ’ ಎಂದು ಹಗುರಾಗಿ ಅಂದುಬಿಡುತ್ತಿದ್ದಳು. ಕಾಕಾನ ನೆನಪು ನೆಟ್ಟಗಿದೆ ಎಂದು ಊರು ತಿಳಿದದ್ದು ಆಕೆಯ ಗೋಡೆಯ ಬಲದಿಂದ. ಬ್ರಿಟಿಷರ ಆಯೋಗಕ್ಕೆ ಇಂಥವಳ ಸಾಕ್ಷಿ ಎಷ್ಟು ಸಿಕ್ಕಿತ್ತೋ!

ಇಳಕಲ್ಲಿಗೆ ಇನ್ನೊಂದು ಇತಿಹಾಸವೂ ಇದೆ. ಚಿತ್ತರಗಿ-ಇಳಕಲ್ ಮಠದ ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಓಣಿ ಓಣಿ ತಿರುಗಿದರು. ಕಾಳು ಬೇಡಲಿಲ್ಲ, ಚಟ ಬೇಡಿದರು. ಸಾರಾಯಿ, ಬೀಡಿ, ತಂಬಾಕು, ಏನಿದ್ದರೂ ಜೋಳಿಗೆಗೆ ಹಾಕಿ ಇನ್ನು ಮುಟ್ಟುವುದಿಲ್ಲ ಎಂದು ಮಾತು ಕೊಡಬೇಕು. ಅದೇ ಮಹಾಂತ ಜೋಳಿಗೆ. ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಇತ್ತ 1985ರ ಮಾದಕವಸ್ತು ಕಾಯ್ದೆ ಗಾಂಜಾವನ್ನು ಅಪರಾಧ ಮಾಡಿತು. ಹಾಗೆಂದು ಪದ್ಧತಿ ಒಣಗಲಿಲ್ಲ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಅದು ಪ್ರಸಾದವಾಗಿ ಸಿಗುತ್ತದೆಂದು 2020ರಲ್ಲೂ ಪತ್ರಿಕೆಗಳು ಬರೆದವು.

ನಮ್ಮ ಕಾಕಾ ತನ್ನ ಚಿಲುಮಿಯನ್ನು ಆ ಮಹಾಂತ ಜೋಳಿಗೆಗೆ ಹಾಕಿದ. ಮೊದಲ ವಾರ ನಿದ್ದೆಯಿಲ್ಲ, ಸಿಡಿಮಿಡಿ, ಲಾಳಿ ಎಸೆದದ್ದೂ ಉಂಟು. ತಿಂಗಳು ದಾಟುವಾಗ ಸಾವಕಾರನ ಮಾತು ತಾನೇ ನೆನಪಿಟ್ಟು ಹೇಳತೊಡಗಿದ್ದ. ದಿನಾ ಸೇದುವವರ ಮಿದುಳಿನ ತೊಗಟೆಯಲ್ಲಿ ಟಿಎಚ್‌ಸಿ ಹಿಡಿದುಕೊಳ್ಳುವ ಗ್ರಾಹಕಗಳು ಕುಗ್ಗಿರುತ್ತವೆ, ಬಿಟ್ಟ ಸುಮಾರು ನಾಲ್ಕು ವಾರಕ್ಕೆ ಚೇತರಿಸಿಕೊಳ್ಳುತ್ತವೆ ಎಂದು 2012ರ ಸಂಶೋಧನೆಯಲ್ಲಿ ಓದಿದಾಗ ನನಗೆ ಆ ತಿಂಗಳು ನೆನಪಾಯಿತು.

ಕಾಕು ಮಾತ್ರ ಇದ್ದಿಲು ಬಿಡಲಿಲ್ಲ. ‘ಇನ್ಯಾಕ ಕಾಕು, ಕಾಕಾಗ ಎಲ್ಲಾ ನೆನಪಿರತೈತಲ್ಲ?’ ಎಂದೆ. ‘ಅವರಿಗಿ ನೆನಪಿರತೈತಿ, ಖರೆ. ಕೂಲಿ ಲೆಕ್ಕದಾಗ ಸಾವಕಾರಗ ನೆನಪಿರಬೇಕಲ್ಲೋ ತಮ್ಮಾ’ ಎಂದಳು, ಗೋಡೆಗೆ ಇನ್ನೊಂದು ಗೀರು ಹಾಕುತ್ತ.