ಮೂಗಿಗಿಂತ ಮೂಗುತಿ ಭಾರವಾದಾಗ

ಭಾನುವಾರ ಸಂಜೆ ಕತ್ತಲಾಗುವ ಹೊತ್ತಿಗೆ ಮೈಸೂರು ಅರಮನೆಯ ಮುಂದೆ ನಿಂತವರಿಗೆ ಈ ನೋಟ ಪರಿಚಿತ. ಮಸುಕು ಬೆಳಕಿನಲ್ಲಿ ಕಪ್ಪಗೆ ನಿಂತಿದ್ದ ಕಟ್ಟಡ ಒಮ್ಮೆಲೇ ಸುಮಾರು ಒಂದು ಲಕ್ಷ ಬಲ್ಬುಗಳಿಂದ ಬೆಳಗುತ್ತದೆ. ನೆರೆದ ಜನರ ಬಾಯಿಂದ ತಾನಾಗಿಯೇ ಒಂದು ಉದ್ಗಾರ ಹೊರಡುತ್ತದೆ. ಆ ಬಲ್ಬುಗಳ ಬೆಳಕಿನಲ್ಲಿ ಯಾರೂ ಪುಸ್ತಕ ಓದುವುದಿಲ್ಲ, ಯಾರೂ ಅಡಿಗೆ ಮಾಡುವುದಿಲ್ಲ. ಅದು ಕಾಣುವುದಕ್ಕೆಂದು ಇರುವ ಬೆಳಕಲ್ಲ. ನೋಡುವುದಕ್ಕೆಂದೇ ಇರುವ ಬೆಳಕು.

ಇಂಥ ಬೆಡಗನ್ನು ಮನೆಯೊಳಗೂ ತರಬೇಕೆಂಬ ಆಸೆ ಹಳೆಯದು. ಹಬ್ಬಕ್ಕೆ ಬಾಗಿಲಿನ ಮೇಲೆ ಸೀರಿಯಲ್ ಸೆಟ್ಟು ಇಳಿಬಿಡುವುದರಲ್ಲಿ ತೃಪ್ತಿ ಕಾಣುತ್ತಿದ್ದ ನಾವು ಈಗ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದೇವೆ. ಮೊಬೈಲಿನ ಮೇಲೆ ಬೆರಳಾಡಿಸಿದರೆ ಬಣ್ಣ ಬದಲಿಸುವ, ಬಾಯಲ್ಲಿ ಹೇಳಿದರೆ ಆರುವ, ಹಾಡಿನ ತಾಳಕ್ಕೆ ಮಿನುಗುವ ‘ಸ್ಮಾರ್ಟ್’ ದೀಪಗಳು ಅಂಗಡಿಗೆ ಬಂದಿವೆ. ಒಂದು ಸಾಧಾರಣ ಎಲ್‌ಇಡಿ ಬಲ್ಬಿಗೆ ಕೊಡುವ ಹಣದ ಹಲವು ಪಟ್ಟು ಇವಕ್ಕೆ ತೆರಬೇಕು. ಇಷ್ಟು ಖರ್ಚು ಮಾಡುವುದು ಸಾರ್ಥಕವೇ? ಉತ್ತರಕ್ಕಾಗಿ ಬೆಳಕಿನ ಇತಿಹಾಸವನ್ನು ಸ್ವಲ್ಪ ಕೆದಕಿ ನೋಡುವುದು ಒಳ್ಳೆಯದು.

ಬೆಳಕು ಒಂದು ಕಾಲಕ್ಕೆ ಎಷ್ಟು ದುಬಾರಿಯಾಗಿತ್ತೆಂಬುದನ್ನು ನಾವು ಮರೆತಿದ್ದೇವೆ. ಅಮೆರಿಕದ ಅರ್ಥಶಾಸ್ತ್ರಜ್ಞ ವಿಲಿಯಂ ನಾರ್ಡ್‌ಹಾಸ್ 1990ರ ದಶಕದಲ್ಲಿ ಇದನ್ನು ಲೆಕ್ಕ ಹಾಕಿದರು. ಇಂದಿನ 9 ವ್ಯಾಟ್ ಎಲ್‌ಇಡಿ ಬಲ್ಬು ಒಂದು ಗಂಟೆ ಉರಿದರೆ ಎಷ್ಟು ಬೆಳಕು ಸಿಗುತ್ತದೋ ಹೆಚ್ಚುಕಡಿಮೆ ಅಷ್ಟೇ ಬೆಳಕನ್ನು ಅವರು ಅಳತೆಯಾಗಿ ಇಟ್ಟುಕೊಂಡರು. ಅದನ್ನು ಎಣ್ಣೆದೀಪದಿಂದ ಪಡೆಯಲು ಪ್ರಾಚೀನ ಬ್ಯಾಬಿಲೋನಿನ ಕೂಲಿಯವನು ಸುಮಾರು 41 ಗಂಟೆ ದುಡಿಯಬೇಕಾಗಿತ್ತು. 1800ರ ಸುಮಾರಿಗೆ ಮೇಣದಬತ್ತಿಯ ಕಾಲದಲ್ಲಿ ಐದು ಗಂಟೆಗೂ ಹೆಚ್ಚು ದುಡಿಮೆ ಬೇಕಾಗಿತ್ತು. 1992ರ ಹೊತ್ತಿಗೆ ಅರ್ಧ ಸೆಕೆಂಡಿನ ದುಡಿಮೆಯೂ ಬೇಕಾಗಿರಲಿಲ್ಲ!

ದೀಪಾವಳಿಯ ಹಣತೆಯ ಸಾಲಿನ ಅರ್ಥ ಈ ಲೆಕ್ಕದಿಂದ ಇನ್ನಷ್ಟು ಸ್ಪಷ್ಟವಾಗುತ್ತದೆ. ವರ್ಷವಿಡೀ ಒಂದು ಬುಡ್ಡಿದೀಪದಲ್ಲಿ ಕಾಲ ತಳ್ಳುವ ಮನೆ ಮೂರು ದಿನ ಎಣ್ಣೆಯನ್ನು ಧಾರಾಳವಾಗಿ ಸುರಿಯುತ್ತಿತ್ತು. ಉಳಿದ ದಿನಗಳ ಕತ್ತಲೆಯೇ ಆ ಮೂರು ದಿನಗಳ ಬೆಳಕಿಗೆ ಬೆರಗು ತಂದುಕೊಡುತ್ತಿತ್ತು.

ವಿದ್ಯುತ್ತು ಬಂದ ಮೇಲೆ ಅಲಂಕಾರದ ದೀಪ ಮೊದಲು ಸೇರಿದ್ದು ಹಣವಂತರ ಮನೆಗಳನ್ನು. 1882ರಲ್ಲಿ ನ್ಯೂಯಾರ್ಕಿನ ಪ್ರಸಿದ್ಧ ಬ್ಯಾಂಕರ್ ಜೆ.ಪಿ. ಮಾರ್ಗನ್ ಮ್ಯಾಡಿಸನ್ ಅವೆನ್ಯೂದಲ್ಲಿದ್ದ ತಮ್ಮ ಮನೆಗೆ ಎಡಿಸನ್ನನ ದೀಪಗಳನ್ನು ಹಾಕಿಸಿದರು. ಆಗ ಬೀದಿಯಲ್ಲಿ ವಿದ್ಯುತ್ ತಂತಿ ಇರಲಿಲ್ಲ. ಹಿತ್ತಲಿನ ಕುದುರೆ ಲಾಯದ ಕೆಳಗೆ ನೆಲಮಾಳಿಗೆ ತೋಡಿ, ಅದರಲ್ಲಿ ಉಗಿಯಂತ್ರವನ್ನೂ ಡೈನಮೋವನ್ನೂ ಕೂರಿಸಲಾಯಿತು. ಇವನ್ನು ನೋಡಿಕೊಳ್ಳಲು ಒಬ್ಬ ಎಂಜಿನಿಯರ್ ಮಧ್ಯಾಹ್ನ ಬಂದು, ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸಿ ಹೋಗುತ್ತಿದ್ದ. ಮನೆಯವರು ಗಡಿಯಾರ ನೋಡುವುದನ್ನು ಮರೆತರೆ, ಕೂತ ಕೂತಲ್ಲೇ ದೀಪ ಕ್ಷೀಣಿಸಿ ಕತ್ತಲಾಗಿಬಿಡುತ್ತಿತ್ತು. ಯಂತ್ರದ ಸದ್ದಿಗೆ, ಕಂಪನಕ್ಕೆ ನೆರೆಯವರು ತಕರಾರು ತೆಗೆದರು. ಒಮ್ಮೆ ತಂತಿಯಿಂದ ಬೆಂಕಿ ಹತ್ತಿ ಗ್ರಂಥಾಲಯದ ಮೇಜು, ರತ್ನಗಂಬಳಿ ಸುಟ್ಟವು. ಮಾರ್ಗನ್ ಮಾತ್ರ ಪಟ್ಟು ಬಿಡಲಿಲ್ಲ. ಎಡಿಸನ್ನನ ಉದ್ಯಮದಲ್ಲಿ ಅವರ ಹಣವೂ ಇತ್ತೆನ್ನಿ.

ಅದೇ ವರ್ಷದ ಡಿಸೆಂಬರಿನಲ್ಲಿ ಎಡಿಸನ್ನನ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ ತನ್ನ ಮನೆಯ ಕ್ರಿಸ್‌ಮಸ್ ಮರಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ 80 ಪುಟ್ಟ ಬಲ್ಬುಗಳನ್ನು ಕಟ್ಟಿದ. ಮರವೂ ವಿದ್ಯುತ್ತಿನಿಂದಲೇ ತಿರುಗುತ್ತಿತ್ತು. ನಮ್ಮ ಸೀರಿಯಲ್ ಸೆಟ್ಟಿನ ಮೂಲಪುರುಷ ಈತನೇ ಎನ್ನಬಹುದು. ಆದರೆ ಇದನ್ನು ಅನುಸರಿಸಲು ಹೊರಟವರು ಪ್ರತಿ ಬಲ್ಬಿಗೂ ತಂತಿ ಜೋಡಿಸಲು ವೈರ್‌ಮನ್‌ನನ್ನು ಕರೆಸಬೇಕಾಗಿತ್ತು. ಸಿದ್ಧ ದೀಪಸರಗಳು ಅಮೆರಿಕದ ಅಂಗಡಿಗೆ ಬಂದದ್ದು 1903ರ ಸುಮಾರಿಗೆ. ಬೆಲೆ 12 ಡಾಲರ್. ಅಂದಿನ ಕಾರ್ಮಿಕನಿಗೆ ಅದು ಸುಮಾರು ಒಂದು ವಾರದ ಸಂಬಳ.

ಈ ಎರಡು ಪ್ರಸಂಗಗಳಿಂದ ಒಂದು ಮಾತು ತಿಳಿಯುತ್ತದೆ. ಅಲಂಕಾರದ ದೀಪದಲ್ಲಿ ನಿಜವಾದ ಖರ್ಚು ಬಲ್ಬಿನದಲ್ಲ, ಅದರ ಹಿಂದಿನ ವ್ಯವಸ್ಥೆಯದು. ಬಲ್ಬಿನ ಬೆಲೆ ಇಳಿಯುತ್ತಲೇ ಬಂದಿದೆ. ನಮ್ಮ ದೇಶದಲ್ಲೇ ಸರ್ಕಾರಿ ಯೋಜನೆಗಾಗಿ ಸಗಟಾಗಿ ಕೊಳ್ಳುತ್ತಿದ್ದ ಎಲ್‌ಇಡಿ ಬಲ್ಬಿನ ದರ 2014ರಲ್ಲಿ 310 ರೂಪಾಯಿ ಇದ್ದದ್ದು 2016ರಲ್ಲಿ 38 ರೂಪಾಯಿಗೆ ಇಳಿಯಿತು. ಹಾಗಾದರೆ ಸ್ಮಾರ್ಟ್ ದೀಪಕ್ಕೆ ನಾವು ಹೆಚ್ಚಾಗಿ ಕೊಡುವ ಹಣ ಬೆಳಕಿಗಲ್ಲ. ಬಣ್ಣಕ್ಕೆ, ನಿಸ್ತಂತು ಸಂಪರ್ಕಕ್ಕೆ, ಎಲ್ಲೋ ದೂರದಲ್ಲಿ ಕೂತ ಕಂಪೆನಿಯ ಸೇವೆಗೆ.

ಈ ವ್ಯವಸ್ಥೆ ವಿದ್ಯುತ್ತನ್ನೂ ತಿನ್ನುತ್ತದೆ. ಸ್ಮಾರ್ಟ್ ದೀಪ ಆರಿದಂತೆ ಕಂಡರೂ ಮಲಗಿರುವುದಿಲ್ಲ. ನಮ್ಮ ಆಜ್ಞೆಗೆ ಕಿವಿ ತೆರೆದು ಕಾಯುತ್ತಿರುತ್ತದೆ. ಹೀಗೆ ಕಾಯುವಾಗ ಅದು ಅರ್ಧ ವ್ಯಾಟ್ ಮೀರಬಾರದೆಂಬ ನಿಯಮವನ್ನು ಐರೋಪ್ಯ ಒಕ್ಕೂಟ 2021ರಿಂದ ಜಾರಿಗೆ ತಂದಿದೆ. ಅರ್ಧ ವ್ಯಾಟ್ ಎಂದರೆ ಅಲ್ಪವೇ. ಆದರೂ ಲೆಕ್ಕ ನೋಡಿ. 9 ವ್ಯಾಟಿನ ದೀಪವನ್ನು ದಿನಕ್ಕೆ ಒಂದು ಗಂಟೆ ಚೆಂದಕ್ಕೆಂದು ಉರಿಸಿದರೆ 9 ವ್ಯಾಟ್-ಗಂಟೆ ಖರ್ಚು. ಉಳಿದ 23 ಗಂಟೆ ಅರ್ಧ ವ್ಯಾಟಿನಂತೆ ಕಾದರೆ ಹನ್ನೊಂದೂವರೆ. ಬೆಳಗಿದ್ದಕ್ಕಿಂತ ಕಾದದ್ದೇ ಹೆಚ್ಚಾಯಿತು! ಒಂದು ದೀಪಕ್ಕೆ ಇದು ದೊಡ್ಡ ಹಣವಲ್ಲ. ಮನೆ ತುಂಬ ಇಪ್ಪತ್ತು ದೀಪ ಹಾಕಿಸಿದವರಿಗೆ ಮಾತ್ರ ವರ್ಷಕ್ಕೆ 80 ಯೂನಿಟ್‌ಗೂ ಹೆಚ್ಚು ವಿದ್ಯುತ್ತು ಬರಿಯ ಕಾಯುವಿಕೆಗೇ ಹೋಗುತ್ತದೆ.

ಇನ್ನು ಮಾರ್ಗನ್ನರ ಮನೆಯ ಎಂಜಿನಿಯರನ ವಿಷಯ. ಆತ ಇಂದೂ ಇದ್ದಾನೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. 2022ರ ಏಪ್ರಿಲ್‌ನಲ್ಲಿ ಅಮೆರಿಕದ ಇನ್‌ಸ್ಟಿಯಾನ್ ಎಂಬ ಕಂಪೆನಿಯ ಸರ್ವರ್‌ಗಳು ಮುನ್ಸೂಚನೆಯಿಲ್ಲದೆ ನಿಂತುಹೋದವು. ಗೋಡೆಯ ಮೇಲಿನ ಸ್ವಿಚ್ಚನ್ನು ಒತ್ತಿದರೆ ದೀಪ ಹತ್ತುತ್ತಿತ್ತು. ಮೊಬೈಲಿನಿಂದ ಮಾತ್ರ ಏನೂ ಮಾಡಲಾಗುತ್ತಿರಲಿಲ್ಲ. ಯಾವ ಸೌಕರ್ಯಕ್ಕಾಗಿ ಹೆಚ್ಚಿನ ಹಣ ಕೊಟ್ಟಿದ್ದರೋ ಅದೇ ಮಾಯವಾಗಿತ್ತು. ಕೆಲವು ಬಳಕೆದಾರರೇ ಒಟ್ಟುಗೂಡಿ ಆ ಉದ್ಯಮವನ್ನು ಕೊಂಡು, ಜೂನ್ ಹೊತ್ತಿಗೆ ಸೇವೆಯನ್ನು ಮತ್ತೆ ನಡೆಸತೊಡಗಿದರು. ಎಲ್ಲರಿಗೂ ಇಂಥ ಅದೃಷ್ಟ ಇರುವುದಿಲ್ಲ.

ಹಾಗೆಂದು ಇವೆಲ್ಲ ವ್ಯರ್ಥವೆನ್ನುವುದು ಸರಿಯಲ್ಲ. ಹಾಸಿಗೆ ಬಿಟ್ಟೇಳಲಾಗದ ಹಿರಿಯರು ಮಾತಿನಿಂದಲೇ ದೀಪ ಹಚ್ಚಿಕೊಳ್ಳುವುದಾದರೆ ಅದು ಅಲಂಕಾರವಲ್ಲ, ಸ್ವಾತಂತ್ರ್ಯ. ನಡುರಾತ್ರಿ ಎದ್ದವರ ಕಣ್ಣಿಗೆ ಚುಚ್ಚದಂತೆ ಮಂದವಾಗಿ ಹೊತ್ತುವ ದೀಪಕ್ಕೂ ಬೆಲೆಯಿದೆ. ಆದರೆ ಬರಿಯ ಚೆಂದಕ್ಕಾಗಿ ಕೊಳ್ಳುವವರು ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಇಂಟರ್‌ನೆಟ್ ಇಲ್ಲದಾಗಲೂ ಈ ದೀಪ ಹೇಳಿದಂತೆ ಕೇಳುತ್ತದೆಯೇ? ಮುಸ್ಸಂಜೆ ದೀಪ ಹಚ್ಚುವ ಅಜ್ಜಿಗೆ ಮೊಮ್ಮಗನ ಮೊಬೈಲು ಬೇಕಾಗುತ್ತದೆಯೇ? ಮೊದಲ ವಾರದ ಉತ್ಸಾಹ ಇಳಿದ ಮೇಲೆ ಬಣ್ಣ ಬದಲಿಸುವವರು ಯಾರು? ಇವಕ್ಕೆ ಸರಿಯಾದ ಉತ್ತರ ಸಿಕ್ಕದಿದ್ದರೆ ಒಂದು ಸೀರಿಯಲ್ ಸೆಟ್ಟು, ಬೆಳಕು ತಗ್ಗಿಸುವ ಒಂದು ಸಾಧಾರಣ ಸ್ವಿಚ್ಚು ಸಾಕು. ಇಲ್ಲವಾದರೆ ಮೂಗಿಗಿಂತ ಮೂಗುತಿ ಭಾರವಾದೀತು.

ಮತ್ತೆ ಮೈಸೂರಿಗೆ ಬರೋಣ. ದಸರೆಯ ದಿನಗಳನ್ನು ಬಿಟ್ಟರೆ ಆ ಲಕ್ಷ ಬಲ್ಬುಗಳು ಹತ್ತುವುದು ಮುಖ್ಯವಾಗಿ ಭಾನುವಾರ ಮತ್ತು ರಜಾದಿನಗಳಂದು, ಅದೂ ಹೆಚ್ಚೆಂದರೆ ಒಂದು ಗಂಟೆ. ದಿನವೂ ರಾತ್ರಿಯಿಡೀ ಉರಿದಿದ್ದರೆ ಅದನ್ನು ನೋಡಲು ಜನ ಕಾದು ನಿಲ್ಲುತ್ತಿದ್ದರೇ? ಹಣತೆಯ ಸಾಲು ಕಲಿಸಿದ್ದೂ ಇದನ್ನೇ. ಅಲಂಕಾರದ ದೀಪಕ್ಕೆ ಸೊಗಸು ಬರುವುದು ಅದು ಆರಿದ್ದ ದಿನಗಳಿಂದ. ಆ ಸೊಗಸನ್ನು ಯಾವ ಅಂಗಡಿಯೂ ಮಾರುವುದಿಲ್ಲ; ಅದಕ್ಕೆ ಹಣವೂ ಬೇಕಾಗಿಲ್ಲ.