ಫೋಲಿಕ್ ಗುಳಿಗಿ, ಒಂದು ಟೆಸ್ಟು, ಆಳಂದದ ಆಚೆಗಿನ ಹಳ್ಳಿಗಳು

ನಮ್ಮ ಕಡಿ ಹಿಸ್ಟರಿ, ಭಾಗ 5 👇

“ಸೊಪ್ಪು, ಹಣ್ಣು ತಿಂದ್ರ ಗರ್ಭಕಂಠದ ಕ್ಯಾನ್ಸರ್ ಬರಂಗಿಲ್ಲ” ಅನ್ನೋ ರೀಲ್ಸ್ ಭಾಳ ಓಡ್ಯಾಡ್ಲಿಕತ್ತಾವ. ಗರ್ಭಕಂಠ ಅಂದ್ರ ಗರ್ಭಚೀಲದ ಬಾಯಿ. ಈ ಮಾತು ಸುಮ್ನ ಹುಟ್ಟಿದ್ದಲ್ಲ, ಇದಕ್ಕೂ ಒಂದು ಇತಿಹಾಸ ಅದ.

1928ರಲ್ಲಿ ಲೂಸಿ ವಿಲ್ಸ್ ಅನ್ನೋ ಇಂಗ್ಲೆಂಡಿನ ಡಾಕ್ಟರ್ ಮುಂಬೈಗೆ ಬಂದ್ರು. ಬಟ್ಟೆ ಗಿರಣಿಯ ಬಸುರಿ ಹೆಣ್ಮಕ್ಕಳಿಗೆ ಯಾಕ ರಕ್ತ ಕಮ್ಮಿ ಆಗ್ತದ ಅಂತ ಹುಡುಕಿದ್ರು. ಯೀಸ್ಟಿನಿಂದ ಮಾಡಿದ ಮಾರ್ಮೈಟ್ ಕೊಟ್ಟಾಗ ಗುಣ ಆಯ್ತು. ಅದರೊಳಗಿದ್ದದ್ದು ಫೋಲಿಕ್ ಆ್ಯಸಿಡ್. ಆ ಹೆಸರು ಬಂದದ್ದು 1941ರಲ್ಲಿ, ಪಾಲಕ್ ಎಲೆಯಿಂದ ಅದನ್ನ ಬೇರೆ ಮಾಡಿದಾಗ.

1982ರಲ್ಲಿ ಅಮೆರಿಕದ ಅಲಬಾಮಾದ ಬಟರ್‌ವರ್ತ್ ತಂಡ ಇದೇ ಗುಳಿಗಿಯನ್ನ ದಿನಾ 10 ಮಿಲಿಗ್ರಾಂ ಹಂಗ 3 ತಿಂಗಳು ಕೊಟ್ಟು ನೋಡಿತು. ತಗೊಂಡವರು ಗರ್ಭನಿರೋಧಕ ಗುಳಿಗಿ ಬಳಸ್ತಿದ್ದ, ಗರ್ಭಕಂಠದಲ್ಲಿ ಕ್ಯಾನ್ಸರಿಗೆ ಮುಂಚಿನ ಬದಲಾವಣೆ ಕಂಡಿದ್ದ ಹೆಣ್ಮಕ್ಕಳು. ಸುಧಾರಣೆ ಕಾಣಿಸ್ತು. ಆದ್ರ 1992ರಲ್ಲಿ ಅದೇ ಬಟರ್‌ವರ್ತ್ ಇನ್ನೂ ಹೆಚ್ಚು ಜನರ ಮ್ಯಾಲ, 6 ತಿಂಗಳು ಪರೀಕ್ಷೆ ಮಾಡಿದಾಗ ಹೇಳಿಕೊಳ್ಳೋವಂಥ ಫರಕು ಸಿಗಲಿಲ್ಲ. ಅದನ್ನೂ ಮುಚ್ಚಿಡದೆ ಪ್ರಕಟಿಸಿದ್ರು. ರೀಲ್ಸ್‌ನವರು 1982ರ ಹತ್ರಾನೇ ನಿಂತುಬಿಟ್ಟಾರ.

ಅಷ್ಟರೊಳಗ, 1983ರಲ್ಲೇ, ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸೆನ್ ತಂಡ ಈ ಗಡ್ಡೆಗಳೊಳಗ ಎಚ್‌ಪಿವಿ 16 ಅನ್ನೋ ವೈರಸ್ ಪತ್ತೆ ಮಾಡಿತ್ತು. 2008ರಲ್ಲಿ ಅವರಿಗೆ ನೊಬೆಲ್ ಬಂತು.

ಈಗ ನಮ್ಮ ಕಡಿ ಬರೋಣ. ಆಳಂದ ದಾಟಿದ್ರ ಉಮರ್ಗಾ, ಅಂದ್ರ ಆಗ ಉಸ್ಮಾನಾಬಾದ್ ಅಂತ ಹೆಸರಿದ್ದ ಜಿಲ್ಲೆ. 1999ರಿಂದ ಅಲ್ಲಿನ ಹಳ್ಳಿಗಳಾಗ 30ರಿಂದ 59 ವಯಸ್ಸಿನ 1,31,746 ಹೆಣ್ಮಕ್ಕಳನ್ನ ನಾಲ್ಕು ಗುಂಪು ಮಾಡಿದ್ರು. ಒಂದು ಗುಂಪಿಗೆ ಒಂದೇ ಒಂದು ಸಲ ಎಚ್‌ಪಿವಿ ಟೆಸ್ಟ್, ತೊಂದರೆ ಕಂಡವರಿಗೆ ಚಿಕಿತ್ಸೆ. 8 ವರ್ಷದಾಗ ಆ ಗುಂಪಿನಲ್ಲಿ ಈ ಕ್ಯಾನ್ಸರಿಗೆ ಸತ್ತವರು 34. ಸರಿಸುಮಾರು ಅಷ್ಟೇ ದೊಡ್ಡದಿದ್ದ, ಟೆಸ್ಟ್ ಮಾಡದ ಗುಂಪಿನಲ್ಲಿ 64. ಫಲಿತಾಂಶ 2009ರಲ್ಲಿ ಬಂದ ಮ್ಯಾಲ ಜಗತ್ತು ಈ ಟೆಸ್ಟನ್ನ ನಂಬ್ತು. ಆ ಗುಂಪಿಗೆ ಯಾಕ ಟೆಸ್ಟ್ ಕೊಡಲಿಲ್ಲ ಅಂತ ಆಮ್ಯಾಲ ದೊಡ್ಡ ತಕರಾರೂ ಎದ್ದಿತು. ಬಿಕಾಂನಾಗ ಅಂಕಿ ಓದೋದೇ ನಮ್ಮ ಕೆಲಸ ಖರೇ, ಆದ್ರ ಈ 64 ಬರೇ ಅಂಕಿ ಅಂತ ಓದ್ಲಿಕ್ಕೆ ನನಗ ಆಗಲಿಲ್ಲ. ನಮ್ಮ ಅವ್ವಂದಿರಂಗ ಜೋಳದ ರೊಟ್ಟಿ, ಪಲ್ಯ ತಿಂದವರೇ ಅವರು.

ಕಮಲಾಪುರದ ಕೆಂಪು ಬಾಳಿಹಣ್ಣು, ಪುಂಡಿ ಪಲ್ಯ ತಿನ್ರಿ, ಮೈಗೆ ಛಲೋ. ವೈರಸ್ ತಡಿಲಿಕ್ಕೆ ಲಸಿಕೆ ಅದ: ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನ ಸರ್ವಾವ್ಯಾಕ್ 2022ರಲ್ಲಿ ಬಂತು, 9ರಿಂದ 14 ವಯಸ್ಸಿನ ತಂಗಿಯರಿಗೆ 2 ಡೋಸ್ ಸಾಕು. 30 ದಾಟಿದ ಅವ್ವ, ಚಿಗವ್ವ, ಅತ್ತಿ ಇದ್ರ ಟೆಸ್ಟಿನ ಬಗ್ಗೆ ಡಾಕ್ಟರಿಗೆ ಕೇಳ್ರಿ. ಕಿದ್ವಾಯಿ ಸಂಸ್ಥೆಯ ಕೇಂದ್ರ ಕಲಬುರಗಿಯಾಗೇ ಅದ, ಕಪನೂರಿಂದ ಒಂದು ಆಟೋ ದೂರ.