ಫೋಟೋದಾಗ ನಿಂತವರ ಹೆಸರೇನು?



ನಮ್ಮ ಮನೆಯಲ್ಲಿ ಮುತ್ಯಾನ ಫೋಟೋ ಇರೋದು ಒಂದೇ. ಇಳಕಲ್ಲಿನ ಸ್ಟುಡಿಯೋದಲ್ಲಿ ತೆಗೆಸಿದ್ದು. ಮೈಮೇಲೆ ಕೋಟು, ಕೈಯಲ್ಲಿ ಗಡಿಯಾರ. ನೋಡಿದವರು "ನಿಮ್ಮ ಮುತ್ಯಾ ಸ್ಥಿತಿವಂತರಿದ್ರು ಬಿಡ್ರಿ" ಅಂತಾರೆ. ಆಯಿ ಬದುಕಿದ್ದಾಗ ಹೇಳಿದ್ದಳು: "ಕೋಟು, ಗಡಿಯಾರ ಎರಡೂ ಸ್ಟುಡಿಯೋದವು. ಬರಿಗಾಲಷ್ಟ ನಿಮ್ಮ ಮುತ್ಯಾಂದು."

ಫೋಟೋ ಸುಳ್ಳು ಹೇಳಿರಲಿಲ್ಲ. ಆದರೆ ಪೂರ್ತಿ ಸತ್ಯಕ್ಕೆ ಆಯಿಯ ಮಾತು ಬೇಕಾಯಿತು.

ನಮ್ಮ ಭಾಗಕ್ಕೆ ಕ್ಯಾಮೆರಾ ಬಂದದ್ದು ಬಹಳ ಹಿಂದೆ. 1855ರ ಸುಮಾರಿಗೆ ಬ್ರಿಟಿಷ್ ಸೇನಾಧಿಕಾರಿ ಥಾಮಸ್ ಬಿಗ್ಸ್ ಬಾದಾಮಿ, ಪಟ್ಟದಕಲ್ಲು, ಹುನಗುಂದ ತಾಲ್ಲೂಕಿನ ಐಹೊಳೆಯ ಗುಡಿಗಳ ಚಿತ್ರ ತೆಗೆದ. ಅವನ, ಪಿಗೌ ಮತ್ತು ನೀಲ್ ಅವರ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾದವು. 1874ರಲ್ಲಿ ಜೇಮ್ಸ್ ಬರ್ಜೆಸ್ ಆಗಿನ ಕಲಾದಗಿ ಜಿಲ್ಲೆಯ ಸರ್ವೆಗೆ ಬಂದ.

ಆ ಕಾಲದಲ್ಲಿ ಗುಡಿ ಎಷ್ಟು ಎತ್ತರ ಅಂತ ತೋರಿಸಲು ಕಂಬದ ಪಕ್ಕ ಒಬ್ಬ ಮನುಷ್ಯನನ್ನು ನಿಲ್ಲಿಸುವ ರೂಢಿ ಇತ್ತು. ಚಿತ್ರದ ಕೆಳಗೆ ಗುಡಿಯ ಹೆಸರು ಬರುತ್ತಿತ್ತು. ನಿಂತವನ ಹೆಸರು ಬರುತ್ತಿರಲಿಲ್ಲ. ಅವನು ಬರೀ ಅಳತೆಗೋಲು.

1868ರಿಂದ 1875ರವರೆಗೆ ಬಂದ 'ದಿ ಪೀಪಲ್ ಆಫ್ ಇಂಡಿಯಾ'ದ 8 ಸಂಪುಟಗಳಲ್ಲಿ 450ಕ್ಕೂ ಹೆಚ್ಚು ಫೋಟೋಗಳಿವೆ. ಅಲ್ಲಿ ಬಹುತೇಕ ಜನಸಾಮಾನ್ಯರಿಗೆ ಜಾತಿ, ಬುಡಕಟ್ಟಿನ ಹೆಸರೇ ಹೆಸರು. ಮುಖದ ಪಕ್ಕದಲ್ಲೇ ಇಡೀ ಸಮುದಾಯದ ಗುಣ ಇಂಥದ್ದು ಅಂತ ಸಾಹೇಬರ ತೀರ್ಪು. ಫೋಟೋ ಪುರಾವೆ, ಸರಿ. ಆದರೆ ಅದರ ಕೆಳಗಿನ ಬರಹ ಯಾರದ್ದು ಅಂತಲೂ ಕೇಳಬೇಕು.

ಹಾಗಂತ ಕಂಬದ ಪಕ್ಕ ನಿಂತವನು ನಮ್ಮ ಕೇರಿಯವನೇ ಅಂತ ನಾನೂ ಹೇಳಲಾರೆ. ನಮಗೆ ಇಷ್ಟವಾದ ಊಹೆಯೂ ಊಹೆಯೇ.

ಕಚೇರಿಯಲ್ಲಿ ದಿನಾ ಕಡತ ನೋಡುವ ಗುಮಾಸ್ತ ನಾನು. ದಿನಾಂಕ, ಸಹಿ ಇಲ್ಲದ ಕಾಗದಕ್ಕೆ ಬೆಲೆ ಇಲ್ಲ. ಹಿಂದೆ ಏನೂ ಬರೆಯದ ಫೋಟೋದ ಗತಿಯೂ ಅಷ್ಟೇ. ಆಲಮಟ್ಟಿ ಹಿನ್ನೀರು ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳನ್ನು ನುಂಗಿತು, ಜನ ನವನಗರಕ್ಕೆ ಬಂದರು. ಮುಳುಗಿದ ಕೇರಿ ಎಲ್ಲಿತ್ತು, ಯಾವ ಬಾವಿಗೆ ನಮ್ಮನ್ನು ಬಿಡುತ್ತಿರಲಿಲ್ಲ ಅಂತ ನಾಳೆ ಮಕ್ಕಳು ಕೇಳಿದರೆ ಏನು ತೋರಿಸೋಣ?

ಈ ಭಾನುವಾರ ಟ್ರಂಕು ತೆಗೆಯಿರಿ. ಹಳೇ ಫೋಟೋಗಳನ್ನು ಹಿರಿಯರ ಮುಂದೆ ಇಡಿ. ಇದು ಯಾರು, ಯಾವ ಊರು, ಯಾವ ವರ್ಷ, ತೆಗೆದವರು ಯಾರು, ಅವತ್ತು ಯಾರನ್ನು ದೂರ ನಿಲ್ಲಿಸಿದ್ದರು ಅಂತ ಕೇಳಿ. ಹಿಂದೆ ಪೆನ್ಸಿಲ್‌ನಲ್ಲಿ ಬರೆಯಿರಿ. ಹೇಳಿದವರ ಹೆಸರನ್ನೂ ಹಾಕಿ.

ಆಯಿ ಹೇಳಿದ ಮಾತನ್ನು ಮುತ್ಯಾನ ಫೋಟೋ ಹಿಂದೆ ನಾನು ಬರೆದೆ. ಆಕೆ ತೀರಿಕೊಂಡ ಮೇಲೆ.

ನೀವು ತಡಮಾಡಬೇಡಿ.

ಜೈ ಭೀಮ್.